ಒಡಹುಟ್ಟದ ಅಕ್ಕತಂಗಿಯರು



ಮನುಷ್ಯನಿಗೆ ಲಭಿಸುವ ಬಂಧುತ್ವವು ಎರಡು ವಿಧವಾದುದು. ಒಂದು ಜನ್ಮದಿಂದ ಬರುವುದು. ಮತ್ತೊಂದು ಬಾಳಿನ ನಡುವೆ ತಾನೇ ಕಟ್ಟಿಕೊಳ್ಳುವುದು. ಮೊದಲನೆಯದು ಯಾರ ಶ್ರಮವೂ ಇಲ್ಲದೆ ದೊರೆಯುತ್ತದೆ. ಎರಡನೆಯದು ಶ್ರಮವಿಲ್ಲದೆ ದೊರೆಯದು. ದೊರೆತರೂ ಶ್ರಮವಿಲ್ಲದೆ ಉಳಿಯದು. ಈ ಎರಡನೆಯ ಬಂಧುತ್ವಕ್ಕೆ ವಿದ್ಯಾರ್ಥಿ ಜೀವನದಷ್ಟು ಅನುಕೂಲವಾದ ಕಾಲ ಬೇರೊಂದಿಲ್ಲ. ತಂದೆತಾಯಿಗಳ ಮನೆಯನ್ನು ಬಿಟ್ಟು ಬಂದ ಮಕ್ಕಳು ಒಂದೇ ಸೂರಿನಡಿಯಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಂಡು, ಒಬ್ಬರ ಜ್ವರಕ್ಕೆ ಇನ್ನೊಬ್ಬರು ಗಂಜಿ ಕಾಯಿಸಿ ಕೊಡುವಾಗ ಹುಟ್ಟುವ ನಂಟು ಎಂಥದೆಂಬುದನ್ನು ಮಠದ ಪ್ರಸಾದ ನಿಲಯಗಳಲ್ಲಿ ಓದಿ ಬೆಳೆದ ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾದುದಿಲ್ಲ. ಆದರೆ ಪದವಿ ಪಡೆದು ಊರು ಬಿಟ್ಟ ಮೇಲೆ ಆ ನಂಟು ಏನಾಗುತ್ತದೆ? ಅದು ನೆನಪಾಗಿ ಮಾತ್ರ ಉಳಿಯಬೇಕೆ, ಇಲ್ಲವೆ ಕೆಲಸವಾಗಿಯೂ ಉಳಿಯಬಹುದೆ? ಈ ಪ್ರಶ್ನೆಯನ್ನು ಕೇಳಿಕೊಳ್ಳುವಂತೆ ನನ್ನನ್ನು ಪ್ರೇರಿಸಿದುದು ಬಹು ದೂರದ ದೇಶವೊಂದರ ಸಂಪ್ರದಾಯ. ಅದನ್ನು ಕುರಿತು ತಿಳಿದುಕೊಂಡುದನ್ನು ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಮೆರಿಕದ ಕಾಲೇಜುಗಳಲ್ಲಿ ‘ಸೊರೊರಿಟಿ’ ಎಂಬ ಹೆಸರಿನ ವಿದ್ಯಾರ್ಥಿನಿಯರ ಸಂಘಗಳಿವೆ. ಲ್ಯಾಟಿನ್ ಭಾಷೆಯಲ್ಲಿ ‘ಸೊರೊರ್’ ಎಂದರೆ ಸೋದರಿ. ಆದುದರಿಂದ ಇವನ್ನು ಸೋದರಿ ಸಂಘಗಳೆಂದು ಕರೆಯಬಹುದು. ನಮ್ಮ ಊರುಗಳಲ್ಲಿ ಮಹಿಳೆಯರು ಕಟ್ಟಿಕೊಂಡಿರುವ ‘ಅಕ್ಕನ ಬಳಗ’ವೆಂಬ ಹೆಸರು ಅದರ ಅರ್ಥಕ್ಕೆ ಬಹಳ ಸಮೀಪದ್ದು. ಗ್ರೀಕ್ ಅಕ್ಷರಗಳೆರಡು ಮೂರನ್ನು ಕೂಡಿಸಿ ಸಂಘಕ್ಕೆ ಹೆಸರಿಡುತ್ತಾರೆ. ಒಂದೊಂದು ಸಂಘಕ್ಕೂ ತನ್ನದೇ ಬಣ್ಣ, ಪದಕ, ಗೀತೆ, ಹೊರಗಿನವರಿಗೆ ಹೇಳದ ದೀಕ್ಷಾವಿಧಿ ಇರುತ್ತವೆ. ದೇಶದ ಬೇರೆ ಬೇರೆ ಕಾಲೇಜುಗಳಲ್ಲಿ ಅದರ ಶಾಖೆಗಳಿರುತ್ತವೆ. ಒಮ್ಮೆ ಒಳಗೆ ಬಂದವಳು ಪರಸ್ಪರರನ್ನು ‘ಸೋದರಿ’ ಎಂದೇ ಕರೆಯುವ ಬಳಗಕ್ಕೆ ಸೇರಿದಳೆಂದರ್ಥ.

ಈ ವಿಷಯ ನಮ್ಮ ಮನೆಗೆ ಬಂದುದು ಒಂದು ವಿವಾದದ ರೂಪದಲ್ಲಿ. ನನ್ನ ಮಗನು ವಾಷಿಂಗ್ಟನ್ ನಗರದ ಪಕ್ಕದ ಮೇರಿಲ್ಯಾಂಡ್ ರಾಜ್ಯದಲ್ಲಿ ನೆಲೆಸಿದ್ದಾನೆ. ಅವನ ಮಗಳು ಬೇರೊಂದು ರಾಜ್ಯದ ವಿಶ್ವವಿದ್ಯಾಲಯಕ್ಕೆ ಓದಲು ಹೋದ ಮೊದಲ ವರ್ಷವೇ ಸೋದರಿ ಸಂಘವನ್ನು ಸೇರುವ ಬಯಕೆಯನ್ನು ತಿಳಿಸಿದಳು. ತಾಯಿಗೆ ಅದು ಸ್ವಲ್ಪವೂ ಒಪ್ಪಿಗೆಯಾಗಲಿಲ್ಲ. ದುಂದುವೆಚ್ಚ, ರಾತ್ರಿಯ ಕೂಟಗಳು, ಗುಟ್ಟಿನ ವಿಧಿಗಳು, ಹೊಸಬರಿಗೆ ಕೊಡುವ ಪೀಡೆ, ಇವುಗಳ ಸುದ್ದಿಯನ್ನೇ ಅವಳು ಕೇಳಿದ್ದಳು. ತಂದೆಗೆ ಇತ್ತ ಹೌದೆನ್ನಲೂ ಆಗದು, ಅತ್ತ ಬೇಡವೆನ್ನಲೂ ಆಗದು. ಹುಡುಗಿಯು ನನಗೆ ದೂರವಾಣಿ ಮಾಡಿ, “ಅಜ್ಜಿ, ನೀವು ಹೇಳಿದರೆ ಅಮ್ಮ ಕೇಳುತ್ತಾಳೆ” ಎಂದಳು. ಮೂವತ್ತು ವರ್ಷಗಳಿಗೂ ಮಿಗಿಲಾಗಿ ಹೆಣ್ಣುಮಕ್ಕಳಿಗೆ ಪಾಠ ಹೇಳಿ, ಕೆಲವು ಕಾಲ ಅವರ ವಸತಿ ನಿಲಯದ ಮೇಲ್ವಿಚಾರಣೆಯನ್ನೂ ನೋಡಿಕೊಂಡ ನನಗೆ, ಕಾಣದ ವಸ್ತುವಿನ ಬಗ್ಗೆ ತೀರ್ಪು ಕೊಡುವುದು ಸರಿದೋರಲಿಲ್ಲ. “ಸ್ವಲ್ಪ ತಾಳು ಮಗಳೇ, ನಾನು ವಿಚಾರಿಸಿ ಹೇಳುತ್ತೇನೆ” ಎಂದೆ. ಆ ವರ್ಷದ ಬೇಸಗೆಯನ್ನು ಮಗನ ಮನೆಯಲ್ಲಿ ಕಳೆದಾಗ ವಿಚಾರಿಸುವ ಅವಕಾಶವೂ ಒದಗಿತು.

ಮೊದಲು ಚರಿತ್ರೆಯನ್ನು ನೋಡೋಣ. ಜಾರ್ಜಿಯಾ ರಾಜ್ಯದ ಮೇಕನ್ ಎಂಬ ಊರಿನ ವೆಸ್ಲಿಯನ್ ಮಹಿಳಾ ಕಾಲೇಜಿನಲ್ಲಿ 1851ರಲ್ಲಿ ಅಡೆಲ್ಫಿಯನ್ ಎಂಬ ಸಂಘ ಹುಟ್ಟಿತು. ಇದೇ ಮುಂದೆ ಆಲ್ಫಾ ಡೆಲ್ಟಾ ಪೈ ಎಂದು ಹೆಸರಾಯಿತು. ಮರುವರ್ಷವೇ ಅದೇ ಕಾಲೇಜಿನಲ್ಲಿ ಇನ್ನೊಂದು ಸಂಘ ಹುಟ್ಟಿತು. ಗಂಡಸರ ಕಾಲೇಜುಗಳು ಹೆಂಗಸರಿಗೆ ಬಾಗಿಲು ತೆರೆಯತೊಡಗಿದ ಮೇಲೆ ಈ ಸಂಘಗಳ ಅಗತ್ಯವು ಬೇರೆ ಬಗೆಯದಾಯಿತು. ಇಂಡಿಯಾನಾ ರಾಜ್ಯದ ಗ್ರೀನ್‌ಕ್ಯಾಸಲ್‌ನಲ್ಲಿರುವ, ಈಗ ಡಿಪಾ ವಿಶ್ವವಿದ್ಯಾಲಯವೆಂದು ಕರೆಯುವ ಸಂಸ್ಥೆಯು 1867ರಲ್ಲಿ ವಿದ್ಯಾರ್ಥಿನಿಯರನ್ನು ಸೇರಿಸಿಕೊಂಡಿತು. ನೂರಾರು ಗಂಡುಹುಡುಗರ ನಡುವೆ ಬೆರಳೆಣಿಕೆಯ ಹುಡುಗಿಯರು. ಅವರನ್ನು ತರಗತಿಯಲ್ಲಿ ಹಾಸ್ಯಮಾಡುವವರೇ ಹೆಚ್ಚು, ಮಾತನಾಡಿಸುವವರು ಕಡಿಮೆ. ಅವರಲ್ಲಿ ಬೆಟ್ಟಿ ಲಾಕ್ ಎಂಬಾಕೆ ಪ್ರಾಧ್ಯಾಪಕರೊಬ್ಬರ ಮಗಳು. ಹುಡುಗರ ಸಂಘವೊಂದು ತನ್ನ ಪದಕವನ್ನು ಅಲಂಕಾರಕ್ಕಾಗಿ ಧರಿಸೆಂದು ಆಕೆಗೆ ಕೊಡಬಂದಿತೆಂದೂ, ಸದಸ್ಯತ್ವವಿಲ್ಲದ ಪದಕ ತನಗೆ ಬೇಡವೆಂದು ಆಕೆ ನಿರಾಕರಿಸಿದಳೆಂದೂ ಆ ಸಂಘದವರು ಇಂದಿಗೂ ಹೇಳಿಕೊಳ್ಳುತ್ತಾರೆ. 1870ರ ಜನವರಿಯಲ್ಲಿ ಆಕೆ ಮೂವರು ಗೆಳತಿಯರೊಡನೆ ಕಪ್ಪಾ ಆಲ್ಫಾ ಥೀಟಾ ಸಂಘವನ್ನು ಸ್ಥಾಪಿಸಿದಳು. ಆಗ ಇಂಥವನ್ನು ಕರೆಯಲು ಪ್ರತ್ಯೇಕ ಶಬ್ದವೇ ಇರಲಿಲ್ಲ. ಪುರುಷರ ‘ಫ್ರಟರ್ನಿಟಿ’, ಅಂದರೆ ಸೋದರ ಸಂಘ, ಎಂಬ ಶಬ್ದವನ್ನೇ ಬಳಸುತ್ತಿದ್ದರು. 1874ರಲ್ಲಿ ಸಿರಕ್ಯೂಸ್‌ನಲ್ಲಿ ಆರಂಭವಾದ ಗ್ಯಾಮಾ ಫೈ ಬೀಟಾ ಸಂಘಕ್ಕಾಗಿ ಅಲ್ಲಿಯ ಲ್ಯಾಟಿನ್ ಪ್ರಾಧ್ಯಾಪಕರೊಬ್ಬರು ‘ಸೊರೊರಿಟಿ’ ಎಂಬ ಶಬ್ದವನ್ನು ಸೂಚಿಸಿದರು.

ಈ ಸಂಘಗಳು ಹೀಗೆ ಹುಟ್ಟಿದುದು ಒಂಟಿತನದಿಂದ ಮತ್ತು ಅವಮಾನದಿಂದ. ಆದರೆ ಅವಮಾನವನ್ನು ಉಂಡವರು ಇತರರಿಗೆ ಅದನ್ನು ಉಣಬಡಿಸುವುದಿಲ್ಲವೆಂಬ ನಿಯಮವೇನೂ ಲೋಕದಲ್ಲಿಲ್ಲ. ಬಿಳಿಯ ಹುಡುಗಿಯರ ಈ ಸಂಘಗಳಿಗೆ ಕಪ್ಪು ಜನಾಂಗದ ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಸೋದರಿ ಎಂಬ ಶಬ್ದದ ಪೂರ್ಣಾರ್ಥವನ್ನು ತಿಳಿಯಬೇಕಾದರೆ, ಹೀಗೆ ಹೊರಗುಳಿದವರು ಕಟ್ಟಿದ ಸಂಘಗಳ ಕಡೆಗೇ ನೋಡಬೇಕೆಂದು ನನಗೆ ತೋರುತ್ತದೆ.

ವಾಷಿಂಗ್ಟನ್ನಿನ ಹೊವರ್ಡ್ ವಿಶ್ವವಿದ್ಯಾಲಯವು ಗುಲಾಮಗಿರಿಯ ನಿರ್ಮೂಲನವಾದ ಎರಡೇ ವರ್ಷಗಳಲ್ಲಿ, 1867ರಲ್ಲಿ, ಸ್ಥಾಪಿತವಾದುದು. ಅಲ್ಲಿ 1908ರ ಜನವರಿ 15ರಂದು ಎಥೆಲ್ ಹೆಜ್‌ಮನ್ ಎಂಬ ವಿದ್ಯಾರ್ಥಿನಿಯ ನೇತೃತ್ವದಲ್ಲಿ ಆಲ್ಫಾ ಕಪ್ಪಾ ಆಲ್ಫಾ ಎಂಬ ಸೋದರಿ ಸಂಘ ಹುಟ್ಟಿತು. ಕಪ್ಪು ಜನಾಂಗದ ಕಾಲೇಜು ಮಹಿಳೆಯರು ಕಟ್ಟಿದ ಮೊದಲ ಸಂಘವಿದು. ಐದು ವರ್ಷಗಳ ತರುವಾಯ ಅದರಲ್ಲಿದ್ದ 22 ಹುಡುಗಿಯರು ಭಿನ್ನಾಭಿಪ್ರಾಯದಿಂದ ಹೊರಬಂದು 1913ರ ಜನವರಿ 13ರಂದು ಡೆಲ್ಟಾ ಸಿಗ್ಮಾ ಥೀಟಾ ಸಂಘವನ್ನು ಸ್ಥಾಪಿಸಿದರು. ಸಂಘ ಹುಟ್ಟಿ ಎರಡು ತಿಂಗಳೂ ಆಗಿರಲಿಲ್ಲ. ಮಾರ್ಚ್ 3ರಂದು, ಅಧ್ಯಕ್ಷ ವಿಲ್ಸನ್ನರ ಪದಗ್ರಹಣದ ಹಿಂದಿನ ದಿನ, ಮಹಿಳೆಯರಿಗೆ ಮತದಾನದ ಹಕ್ಕು ಬೇಕೆಂದು ಸಾವಿರಾರು ಸ್ತ್ರೀಯರು ವಾಷಿಂಗ್ಟನ್ನಿನ ರಾಜಬೀದಿಯಲ್ಲಿ ಮೆರವಣಿಗೆ ಹೊರಟರು. ಕಪ್ಪು ಮಹಿಳೆಯರು ಜೊತೆಗೂಡುವುದು ಸಂಘಟಕರಲ್ಲಿಯೇ ಅನೇಕರಿಗೆ ಬೇಕಿರಲಿಲ್ಲ. ಬೀದಿಯ ಇಕ್ಕೆಲಗಳಲ್ಲಿ ನೆರೆದ ಗಂಡಸರು ಬೈಯುತ್ತ, ತಳ್ಳುತ್ತ ಹಾದಿಯನ್ನೇ ಕಟ್ಟಿದರು. ಇಪ್ಪತ್ತರ ಆಸುಪಾಸಿನ ಈ ಹುಡುಗಿಯರು ತಮ್ಮ ಧ್ವಜ ಹಿಡಿದು ಆ ಜನಸಂದಣಿಯ ನಡುವೆ ನಡೆದರು. ಅವರು ಕೈಗೊಂಡ ಮೊದಲ ಸಾರ್ವಜನಿಕ ಕಾರ್ಯವಿದು. 1920ರಲ್ಲಿ ಅಮೆರಿಕದ ಸ್ತ್ರೀಯರಿಗೆ ಮತದ ಹಕ್ಕು ಬಂದಿತು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮಹಿಳೆಯರು ನಿರ್ಭಯವಾಗಿ ಮತ ಹಾಕಲು 1965ರ ಮತದಾನದ ಹಕ್ಕಿನ ಕಾಯಿದೆಯವರೆಗೆ ಕಾಯಬೇಕಾಯಿತು. ಅಂದರೆ ಅಂದು ನಡೆದ ಹುಡುಗಿಯರಲ್ಲಿ ಬದುಕಿದ್ದವರು ಆ ವೇಳೆಗೆ ಎಪ್ಪತ್ತರ ಮುದುಕಿಯರು. ಅಷ್ಟು ದೀರ್ಘ ಕಾಲದ ಕೆಲಸವನ್ನು ಒಂದು ಉತ್ಸಾಹದ ಗುಂಪು ಮಾಡಲಾರದು. ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಹೊಣೆ ದಾಟಿಸುವ ಸಂಘ ಮಾತ್ರ ಮಾಡಬಲ್ಲುದು.

ಸೇವೆಯ ವಿಷಯದಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಸೆಳೆದುದು ಆಲ್ಫಾ ಕಪ್ಪಾ ಆಲ್ಫಾದವರು ಮಿಸಿಸಿಪಿ ರಾಜ್ಯದಲ್ಲಿ ನಡೆಸಿದ ಕಾರ್ಯ. ಆಗ ಸಂಘದ ಅಧ್ಯಕ್ಷೆಯಾಗಿದ್ದ ಐಡಾ ಜಾಕ್ಸನ್ ಸ್ವತಃ ಶಿಕ್ಷಕಿ. ಅಲ್ಲಿಯ ಹಳ್ಳಿಶಾಲೆಗಳ ದುಃಸ್ಥಿತಿಯನ್ನು ಕಂಡು 1934ರ ಬೇಸಗೆಯಲ್ಲಿ ಹಳ್ಳಿಯ ಶಿಕ್ಷಕರಿಗಾಗಿ ಒಂದು ತರಬೇತಿ ಶಾಲೆ ನಡೆಸಿದರು. ಮಕ್ಕಳಿಗೆ ಪಾಠಕ್ಕಿಂತ ಮೊದಲು ಆರೋಗ್ಯ ಬೇಕೆಂಬುದು ಅಲ್ಲಿ ಕಣ್ಣಿಗೆ ಬಿದ್ದಿತು. ಮರುವರ್ಷ ಡಾಕ್ಟರ್ ಡೊರೊತಿ ಫೆರೆಬೀ ಎಂಬ ಹೆರಿಗೆ ತಜ್ಞೆಯ ಮುಂದಾಳುತನದಲ್ಲಿ ವೈದ್ಯರು, ದಾದಿಯರು, ಶಿಕ್ಷಕಿಯರು ತಮ್ಮ ರಜೆಯನ್ನು ಬಿಟ್ಟುಕೊಟ್ಟು ಹೋಮ್ಸ್ ಕೌಂಟಿಗೆ ಹೊರಟರು. ಸಿಡುಬು, ಗಂಟಲುಮಾರಿಗಳ ಲಸಿಕೆ ಹಾಕುವುದು, ಗರ್ಭಿಣಿಯರನ್ನು ಪರೀಕ್ಷಿಸುವುದು, ಆಹಾರ ನೈರ್ಮಲ್ಯಗಳ ತಿಳಿವಳಿಕೆ ಕೊಡುವುದು ಅವರ ಉದ್ದೇಶ. ಹತ್ತಿ ತೋಟಗಳ ಒಡೆಯರಿಗೆ ಇದರಲ್ಲಿ ಸಂಶಯ ಮೂಡಿತು. ಹೊರಗಿನಿಂದ ಬಂದ ವಿದ್ಯಾವಂತೆಯರು ಕೂಲಿಯವರ ತಲೆ ಕೆಡಿಸುವರೆಂದು ಹೆದರಿ, ಚಿಕಿತ್ಸಾಲಯಗಳಿಗೆ ಕೂಲಿಯವರನ್ನು ಬಿಡಲಿಲ್ಲ. ಆಗ ಈ ಸೋದರಿಯರು, ರೋಗಿಗಳು ಬರದಿದ್ದರೆ ಔಷಧವೇ ಹೋಗಲೆಂದು ನಿರ್ಧರಿಸಿ, ತಮ್ಮ ಕಾರುಗಳಲ್ಲಿಯೇ ಲಸಿಕೆ ಔಷಧಗಳನ್ನು ತುಂಬಿಕೊಂಡು ಧೂಳಿನ ಹಾದಿಯಲ್ಲಿ ತೋಟದಿಂದ ತೋಟಕ್ಕೆ ಹೋದರು. 1935ರಿಂದ ಯುದ್ಧಕಾಲದಲ್ಲಿ ಪೆಟ್ರೋಲು ಟಯರುಗಳಿಗೆ ಪಡಿತರ ಬರುವವರೆಗೆ, ಪ್ರತಿ ಬೇಸಗೆಯಲ್ಲಿಯೂ ಈ ಕಾರ್ಯ ಸಾಗಿತು. ಸಾವಿರಾರು ಮಕ್ಕಳಿಗೆ ಲಸಿಕೆ ದೊರೆಯಿತು. ಈ ಸ್ತ್ರೀಯರು ಕಾಲೇಜನ್ನು ಬಿಟ್ಟು ಎಷ್ಟೋ ವರ್ಷಗಳಾಗಿದ್ದವೆಂಬುದನ್ನು ಓದುಗರು ಗಮನಿಸಬೇಕು.

ಡೊರೊತಿ ಹೈಟ್ ಅವರ ಹೆಸರನ್ನೂ ಇಲ್ಲಿ ಹೇಳಲೇಬೇಕು. 1929ರಲ್ಲಿ ನ್ಯೂಯಾರ್ಕಿನ ಬಾರ್ನಾರ್ಡ್ ಕಾಲೇಜಿನಲ್ಲಿ ಅವರಿಗೆ ಸ್ಥಾನ ದೊರೆತಿತ್ತು. ಆದರೆ ಸೇರಲು ಹೋದಾಗ, ಕಪ್ಪು ವಿದ್ಯಾರ್ಥಿನಿಯರಿಗೆಂದು ಇದ್ದ ಎರಡೇ ಸ್ಥಾನಗಳು ತುಂಬಿವೆಯೆಂದು ಹೇಳಿ ಹಿಂದಕ್ಕೆ ಕಳುಹಿಸಿದರು. ಆಕೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಓದಿ ಸಮಾಜಸೇವೆಗೆ ಇಳಿದರು. 1947ರಿಂದ ಸುಮಾರು ಒಂದು ದಶಕದ ಕಾಲ ಡೆಲ್ಟಾ ಸಂಘದ ರಾಷ್ಟ್ರಾಧ್ಯಕ್ಷೆಯಾಗಿ, ಅನಂತರ 1957ರಿಂದ ನಲವತ್ತು ವರ್ಷ ಕಪ್ಪು ಮಹಿಳೆಯರ ರಾಷ್ಟ್ರೀಯ ಮಂಡಳಿಯ ಅಧ್ಯಕ್ಷೆಯಾಗಿ ದುಡಿದರು. 1952ರಲ್ಲಿ ಭಾರತಕ್ಕೆ ಬಂದು ದೆಹಲಿಯ ಸಮಾಜಕಾರ್ಯ ಶಾಲೆಯಲ್ಲಿ ಸಂದರ್ಶಕ ಪ್ರಾಧ್ಯಾಪಕಿಯಾಗಿ ಪಾಠ ಹೇಳಿದರೆಂಬುದು ನಮಗೆ ಸಂತೋಷದ ಸಂಗತಿ. 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ವಾಷಿಂಗ್ಟನ್ನಿನಲ್ಲಿ ತಮ್ಮ ಪ್ರಸಿದ್ಧ ಭಾಷಣ ಮಾಡಿದಾಗ ಅದೇ ವೇದಿಕೆಯ ಮೇಲೆ ಈಕೆಯೂ ಇದ್ದರು. ಆದರೆ ಮಾತನಾಡುವ ಸರದಿಯನ್ನು ಅವರಿಗೆ ಕೊಡಲಿಲ್ಲ. ಅದಕ್ಕಾಗಿ ಕೆಲಸವನ್ನು ಬಿಡಲಿಲ್ಲ. 2010ರಲ್ಲಿ 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಇಷ್ಟೆಲ್ಲ ಗ್ರಂಥಗಳಿಂದ ತಿಳಿಯುವ ವಿಷಯ. ಸ್ನೇಹವೆಂಬುದನ್ನು ಮಾತ್ರ ನಾನು ಕಣ್ಣಾರೆ ಕಂಡೆ. ಮಗನ ಮನೆಯ ನೆರೆಯಲ್ಲಿ ಕಪ್ಪು ಜನಾಂಗದ ಒಬ್ಬ ವೃದ್ಧ ಮಹಿಳೆ ಇದ್ದರು. ನಿವೃತ್ತ ಮುಖ್ಯೋಪಾಧ್ಯಾಯಿನಿ, ನನ್ನ ವಯಸ್ಸಿನವರೇ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲಿ ಒಬ್ಬರೇ ಇದ್ದುದರಿಂದ ಸಂಜೆಯ ಹೊತ್ತು ಮಾತನಾಡಿಸಲು ಹೋಗುತ್ತಿದ್ದೆ. ಅವರ ಅಡುಗೆಮನೆಯ ಶೀತಪೆಟ್ಟಿಗೆಯ ಮೇಲೆ ಒಂದು ಹಾಳೆ ಅಂಟಿಸಿತ್ತು. ಸೋಮವಾರ ಯಾರು ಊಟ ತರುವವರು, ಬುಧವಾರ ಆಸ್ಪತ್ರೆಗೆ ಯಾರು ಕರೆದೊಯ್ಯುವವರು, ಶನಿವಾರ ಬಟ್ಟೆ ಒಗೆಯಲು ಯಾರು ಬರುವವರು ಎಂದು ಆರು ವಾರಗಳ ಪಟ್ಟಿ. ಹೆಸರುಗಳು ಹನ್ನೊಂದು. “ಇವರೆಲ್ಲ ತಮ್ಮ ಬಂಧುಗಳೆ?” ಎಂದು ಕೇಳಿದೆ. “ನನ್ನ ಸೋದರಿಯರು” ಎಂದರು. ಅವರು ಡೆಲ್ಟಾ ಸಂಘಕ್ಕೆ ಸೇರಿ ಐವತ್ತು ವರ್ಷಗಳ ಮೇಲಾಗಿತ್ತು.

ಕಾಲೇಜಿನಲ್ಲಿ ಜೊತೆಗೆ ಓದಿದವರಿರಬೇಕೆಂದು ನಾನು ಭಾವಿಸಿದ್ದೆ. ಅವರು ನಕ್ಕು, ಆ ಹನ್ನೊಂದು ಮಂದಿಯಲ್ಲಿ ತಮ್ಮ ಕಾಲೇಜಿನವರು ಇಬ್ಬರೇ ಎಂದರು. ಉಳಿದವರು ಬೇರೆ ಬೇರೆ ಊರುಗಳಲ್ಲಿ ಓದಿದವರು. ಈ ಊರಿಗೆ ಬಂದ ಮೇಲೆ ಪದವೀಧರೆಯರ ಶಾಖೆಯಲ್ಲಿ ಕೂಡಿದವರು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಮನೆಮನೆಗೆ ಅಲೆದಾಗ, ಚರ್ಚಿನ ನೆಲಮಾಳಿಗೆಯಲ್ಲಿ ಮಕ್ಕಳಿಗೆ ಓದು ಕಲಿಸಿದಾಗ, ವಿದ್ಯಾರ್ಥಿವೇತನಕ್ಕಾಗಿ ಹಣ ಕೂಡಿಸಿದಾಗ ಪರಿಚಯವಾದವರು. ಅವರ ಮಾತಿನ ತಾತ್ಪರ್ಯ ಇದು: ಕಾಲೇಜಿನ ನಾಲ್ಕು ವರ್ಷ ತಮಗೆ ಸೋದರಿಯರನ್ನು ಕೊಡಲಿಲ್ಲ, ಸೋದರಿಯಾಗುವುದು ಹೇಗೆಂಬುದನ್ನು ಕಲಿಸಿತು. ಸೋದರಿಯರನ್ನು ಕೊಟ್ಟುದು ಅನಂತರದ ಕೆಲಸ. ಈ ಮಾತು ನನ್ನ ಮನಸ್ಸಿನಲ್ಲಿ ನಾಟಿತು. ನಾವು ಸಾಮಾನ್ಯವಾಗಿ ಮೊದಲು ಸ್ನೇಹ, ಆಮೇಲೆ ಸೇವೆ ಎಂದು ತಿಳಿಯುತ್ತೇವೆ. ವಾಸ್ತವದಲ್ಲಿ ಜೊತೆಗೂಡಿ ಮೂರನೆಯವರಿಗಾಗಿ ದುಡಿದವರಲ್ಲಿ ಬೆಳೆಯುವ ಸ್ನೇಹ, ಕೇವಲ ಜೊತೆಗೂಡಿ ನಲಿದವರಲ್ಲಿ ಬೆಳೆಯುವ ಸ್ನೇಹಕ್ಕಿಂತ ಹೆಚ್ಚು ಬಾಳುತ್ತದೆ.

ಹಾಗೆಂದು ಈ ಸಂಘಗಳೆಲ್ಲ ನಿರ್ದೋಷವಾದುವೆಂದು ತಿಳಿಯಬಾರದು. ನನ್ನ ಸೊಸೆಯ ಭಯಕ್ಕೆ ಆಧಾರವಿಲ್ಲದೆ ಇರಲಿಲ್ಲ. ಅರ್ಧವರ್ಷಕ್ಕೆ ನೂರಾರು, ಕೆಲವು ಕಡೆ ಸಾವಿರಾರು ಡಾಲರುಗಳ ಶುಲ್ಕವಿರುತ್ತದೆ. ಯಾರನ್ನು ಸೇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕೆಂಬುದನ್ನು ಒಳಗಿದ್ದವರೇ ನಿರ್ಣಯಿಸುವುದರಿಂದ ರೂಪ, ಸಿರಿ, ಮನೆತನಗಳು ಯೋಗ್ಯತೆಯ ಸ್ಥಾನದಲ್ಲಿ ಕುಳಿತುಬಿಡುವ ಅಪಾಯವಿದೆ. ಅಲಬಾಮಾ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿನಿಯನ್ನು ಅವಳ ಬಣ್ಣದ ಕಾರಣಕ್ಕಾಗಿಯೇ ಸಂಘಗಳು ಹೊರಗಿಟ್ಟವೆಂಬುದನ್ನು ಅಲ್ಲಿಯ ವಿದ್ಯಾರ್ಥಿ ಪತ್ರಿಕೆಯು 2013ರಷ್ಟು ಈಚೆಗೆ ಬಯಲಿಗೆಳೆಯಬೇಕಾಯಿತು. ಒಳಗಿನ ಹುಡುಗಿಯರಲ್ಲಿ ಕೆಲವರು ಧೈರ್ಯವಾಗಿ ಬಾಯಿ ಬಿಟ್ಟುದರಿಂದಲೇ ಆ ವಿಷಯ ಹೊರಬಂದು, ವಿದ್ಯಾರ್ಥಿಗಳು ಪ್ರತಿಭಟಿಸಿದ ಮೇಲೆ ಬಾಗಿಲುಗಳು ತೆರೆದವು.

ಇನ್ನು ಹೊಸಬರನ್ನು ಪೀಡಿಸುವ ದುಷ್ಟ ಪದ್ಧತಿ. ನಮ್ಮಲ್ಲಿ ರ‍್ಯಾಗಿಂಗ್ ಎನ್ನುವುದನ್ನು ಅಲ್ಲಿ ‘ಹೇಜಿಂಗ್’ ಎನ್ನುತ್ತಾರೆ. ಸೋದರತ್ವದ ಹೆಸರಿನಲ್ಲಿ ಎಳೆಯ ಜೀವಗಳು ನಷ್ಟವಾದ ಪ್ರಸಂಗಗಳೂ ಅಲ್ಲಿ ನಡೆದಿವೆ. ಕಪ್ಪು ಜನಾಂಗದ ಸಂಘಗಳ ಒಕ್ಕೂಟವು 1990ರಲ್ಲಿ ಹಳೆಯ ಪರೀಕ್ಷಾವಧಿಯ ಪದ್ಧತಿಯನ್ನೇ ರದ್ದುಪಡಿಸಿತು. 2024ರ ಡಿಸೆಂಬರಿನಲ್ಲಿ ಇಂಥ ಘಟನೆಗಳನ್ನು ಕಾಲೇಜುಗಳು ಬಹಿರಂಗಪಡಿಸಲೇಬೇಕೆಂಬ ರಾಷ್ಟ್ರೀಯ ಕಾಯಿದೆಯೂ ಬಂದಿತು. ಆದರೆ ಕಾಯಿದೆ ಬಾಗಿಲಿನವರೆಗೆ ಬರಬಲ್ಲುದೇ ಹೊರತು ಮನಸ್ಸಿನ ಒಳಗೆ ಬರಲಾರದು. ನೋವನ್ನು ಒಟ್ಟಿಗೆ ಉಂಡರೆ ಬಾಂಧವ್ಯ ಬೆಳೆಯುತ್ತದೆಂದು ವಾದಿಸುವವರಿದ್ದಾರೆ. ಬೆಳೆಯಬಹುದು, ಆದರೆ ಲೋಕದಲ್ಲಿ ಹಂಚಿಕೊಳ್ಳಲು ಬೇಕಾದಷ್ಟು ನೋವು ಈಗಾಗಲೇ ಇರುವಾಗ ಹೊಸದನ್ನು ಸೃಷ್ಟಿಸುವ ಅವಶ್ಯಕತೆ ಏನಿದೆ?

ಇವೆಲ್ಲವನ್ನೂ ತೂಗಿ ನೋಡಿ ಮೊಮ್ಮಗಳಿಗೆ ನಾನು ಸೇರು ಎಂದಾಗಲಿ ಬೇಡವೆಂದಾಗಲಿ ಹೇಳಲಿಲ್ಲ. ಮೂರು ಪ್ರಶ್ನೆಗಳನ್ನು ಬರೆದು ಕಳುಹಿಸಿದೆ. ಒಂದನೆಯದು, ಸಂಘದ ಲೆಕ್ಕಪತ್ರವನ್ನು ಹೊಸ ಸದಸ್ಯೆಗೆ ತೋರಿಸುತ್ತಾರೆಯೆ? ಎರಡನೆಯದು, ದೀಕ್ಷೆಯ ಕಾಲದಲ್ಲಿ ತಾಯಿಗೆ ಹೇಳಲಾಗದಂಥ ಯಾವ ಕೆಲಸವನ್ನಾದರೂ ಮಾಡಬೇಕಾಗುತ್ತದೆಯೆ? ಮೂರನೆಯದು, ಕಾಲೇಜು ಬಿಟ್ಟು ಹತ್ತು ಹದಿನೈದು ವರ್ಷವಾದ ಹಿರಿಯ ಸೋದರಿಯರು ಈಗ ಏನು ಮಾಡುತ್ತಿದ್ದಾರೆ? ಇವಕ್ಕೆ ಉತ್ತರ ತಂದ ಮೇಲೆ ನೀನೂ ನಿನ್ನ ತಾಯಿಯೂ ಕುಳಿತು ನಿರ್ಣಯಿಸಿರಿ ಎಂದೆ.

ಹುಡುಗಿಯು ಶ್ರದ್ಧೆಯಿಂದ ವಿಚಾರಿಸಿದಳು. ಅವಳು ಮೊದಲು ಬಯಸಿದ್ದ ಸಂಘದ ಮನೆ ಅರಮನೆಯಂತಿತ್ತಂತೆ. ಆದರೆ ಹಿರಿಯರು ಬರುತ್ತಿದ್ದುದು ಕಾಲ್ಚೆಂಡಾಟದ ಹಬ್ಬದ ದಿನ ಔತಣಕ್ಕೆ ಮಾತ್ರ. ಲೆಕ್ಕದ ಮಾತೆತ್ತಿದಾಗ ಅಲ್ಲಿಯವರ ಮುಖ ಸಪ್ಪಗಾಯಿತಂತೆ. ಅದೇ ವಿಶ್ವವಿದ್ಯಾಲಯದಲ್ಲಿ ಭಾರತ ಉಪಖಂಡದ ಮೂಲದ ಹುಡುಗಿಯರ ಸಣ್ಣ ಸಂಘವೊಂದಿತ್ತು. ಇಂಥ ಸಂಘಗಳೂ ಈಚಿನವೇ. ಟೆಕ್ಸಾಸಿನ ಹ್ಯೂಸ್ಟನ್ನಿನಲ್ಲಿ ಡೆಲ್ಟಾ ಫೈ ಒಮೇಗಾ, ಆಸ್ಟಿನ್ನಿನಲ್ಲಿ ಕಪ್ಪಾ ಫೈ ಗ್ಯಾಮಾ, ನ್ಯೂಯಾರ್ಕಿನಲ್ಲಿ ಸಿಗ್ಮಾ ಸಿಗ್ಮಾ ರೋ, ಈ ಮೂರೂ 1998ರಲ್ಲಿಯೇ ಹುಟ್ಟಿದವು. ಮೊಮ್ಮಗಳು ಕಂಡ ಸಂಘಕ್ಕೆ ಸ್ವಂತ ಮನೆಯಿಲ್ಲ; ಗ್ರಂಥಾಲಯದ ಕೋಣೆಯೊಂದರಲ್ಲಿ ಸಭೆ. ವಾರಕ್ಕೊಮ್ಮೆ ಹತ್ತಿರದ ಶಾಲೆಯ ಮಕ್ಕಳಿಗೆ ಓದು ಹೇಳಿಕೊಡುವ ಕೆಲಸಕ್ಕೆ, ಕಾಲೇಜು ಬಿಟ್ಟು ಬಹು ವರ್ಷವಾದ ಇಬ್ಬರು ವೈದ್ಯೆಯರೂ ಒಬ್ಬ ವಕೀಲೆಯೂ ತಪ್ಪದೆ ಬರುತ್ತಿದ್ದರು. ತಾಯಿಯು ಅವರಲ್ಲಿ ಒಬ್ಬರೊಡನೆ ದೂರವಾಣಿಯಲ್ಲಿ ಗಂಟೆ ಹೊತ್ತು ಮಾತನಾಡಿದ ಮೇಲೆ ಒಪ್ಪಿಗೆ ಕೊಟ್ಟಳು.

ಎರಡನೆಯ ವರ್ಷ ಅವಳನ್ನು ಸಂಘದ ಖಜಾಂಚಿಯಾಗಿ ಆರಿಸಿದರು. ನಾಯಕತ್ವವೆಂದರೆ ವೇದಿಕೆಯ ಮೇಲೆ ನಿಂತು ಭಾಷಣ ಮಾಡುವುದೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಸಂಘದಲ್ಲಿ ಕಲಿಯುವ ನಾಯಕತ್ವ ಬೇರೆ. ಹೆನ್ರಿ ರಾಬರ್ಟ್ ಎಂಬ ಸೇನಾಧಿಕಾರಿಯು 1876ರಲ್ಲಿ ಪ್ರಕಟಿಸಿದ ಸಭಾನಿಯಮಗಳನ್ನು ಅನುಸರಿಸಿ ಇವರ ಸಭೆಗಳು ನಡೆಯುತ್ತವೆ. ಸೂಚನೆ ಮಂಡಿಸುವುದು, ಅನುಮೋದಿಸುವುದು, ಒಬ್ಬರು ಮಾತನಾಡುವಾಗ ಇತರರು ಕೇಳುವುದು, ಸೋತ ಪಕ್ಷದವರೂ ನಿರ್ಣಯದಂತೆ ನಡೆಯುವುದು, ಇವುಗಳನ್ನು ಹತ್ತೊಂಬತ್ತರ ಹುಡುಗಿಯರು ಅಭ್ಯಾಸ ಮಾಡುತ್ತಾರೆ. ಅಧಿಕಾರವಿದ್ದವನು ಕೆಳಗಿನವರಿಂದ ಕೆಲಸ ಮಾಡಿಸುವುದು ಸುಲಭ. ಸಮಾನರಿಂದ, ಅದರಲ್ಲಿಯೂ ಸ್ನೇಹಿತರಿಂದ, ಹೊಣೆಯನ್ನು ಹೊರಿಸುವುದು ಕಠಿಣ.

ಒಬ್ಬ ಸದಸ್ಯೆ ಎರಡು ಬಾರಿ ಶುಲ್ಕ ಕೊಡದೆ ತಪ್ಪಿಸಿಕೊಂಡಳಂತೆ. ಅವಳು ಮೊಮ್ಮಗಳ ಆಪ್ತ ಗೆಳತಿಯೇ. ಲಾಹೋರಿನಿಂದ ಬಂದ ಮನೆತನದವಳು. ಸುಮ್ಮನಿದ್ದರೆ ಸಂಘಕ್ಕೆ ದ್ರೋಹ, ಸಭೆಯಲ್ಲಿ ಕೇಳಿದರೆ ಗೆಳತಿಗೆ ಅವಮಾನ. ಏಕಾಂತದಲ್ಲಿ ಕೇಳಿದಾಗ ತಂದೆಯ ಕೆಲಸ ಹೋಗಿರುವುದು ತಿಳಿಯಿತು. ಮೊಮ್ಮಗಳು ಹೆಸರು ಹೇಳದೆ, ಕಷ್ಟದಲ್ಲಿರುವ ಯಾವ ಸದಸ್ಯೆಯೇ ಆಗಲಿ ಶುಲ್ಕವನ್ನು ಕಂತುಗಳಲ್ಲಿ ಕೊಡಬಹುದೆಂಬ ನಿಯಮವನ್ನು ಸಭೆಯ ಮುಂದಿಟ್ಟು ಒಪ್ಪಿಸಿದಳು. ಇಂದಿಗೂ ಆ ನಿಯಮವಿದೆ. ಮನೆಯಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಡಲು ನಾಚುತ್ತಿದ್ದ ಹುಡುಗಿ ಇವಳೇ ಎಂದು ಅವಳ ತಾಯಿ ನನಗೆ ಹೇಳಿದಾಗ, ಆ ತಾಯಿಯ ಧ್ವನಿಯಲ್ಲಿ ಹಳೆಯ ಭಯವಿರಲಿಲ್ಲ. ಸಾರ್ವಜನಿಕ ಜೀವನದ ದೊಡ್ಡ ಸ್ಥಾನಗಳಿಗೆ ಏರಿದ ಹೆಂಗಸರ ಚರಿತ್ರೆಯಲ್ಲಿಯೂ ಇಂಥ ಅಭ್ಯಾಸಶಾಲೆ ಕಾಣಬರುತ್ತದೆ. 1968ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಶರ್ಲಿ ಚಿಸಮ್ ಡೆಲ್ಟಾ ಸಂಘದವರು. 2021ರಿಂದ 2025ರವರೆಗೆ ಉಪಾಧ್ಯಕ್ಷೆಯಾಗಿದ್ದ, ತಮಿಳು ತಾಯಿಯ ಮಗಳಾದ ಕಮಲಾ ಹ್ಯಾರಿಸ್ 1986ರಲ್ಲಿ ಹೊವರ್ಡಿನಲ್ಲಿ ಆಲ್ಫಾ ಕಪ್ಪಾ ಆಲ್ಫಾ ಸೇರಿದವರು.

ಸಹೃದಯರೇ, ಇಷ್ಟು ದೂರದ ಕಥೆಯನ್ನು ನಾನು ಇಲ್ಲಿ ಹೇಳಿದುದು ನಮ್ಮಲ್ಲಿಯೂ ಗ್ರೀಕ್ ಅಕ್ಷರಗಳ ಸಂಘಗಳು ಹುಟ್ಟಲೆಂದಲ್ಲ. ಅವುಗಳ ಪದಕ ಪತಾಕೆಗಳೂ ಗುಟ್ಟಿನ ವಿಧಿಗಳೂ ನಮಗೆ ಅವಶ್ಯವಿಲ್ಲ. ಪಂಕ್ತಿಯಲ್ಲಿ ಕುಳಿತು ಉಂಡುದೇ ನಮಗೆ ಸಾಕಾದಷ್ಟು ದೀಕ್ಷೆ. ನಮಗೆ ಕೊರತೆಯಿರುವುದು ಅನಂತರದ ಕಾಲದ್ದು. ಹಳೆಯ ವಿದ್ಯಾರ್ಥಿಗಳ ಸಮ್ಮೇಳನಗಳನ್ನು ನಾವು ಮಾಡುತ್ತೇವೆ. ಶಾಲು ಹೊದಿಸುತ್ತೇವೆ, ಭಾವಚಿತ್ರ ತೆಗೆಸುತ್ತೇವೆ, ಹೋಳಿಗೆ ಊಟ ಮಾಡಿ ಹಳೆಯ ದಿನಗಳನ್ನು ನೆನೆದು ಕಣ್ಣೊರೆಸಿಕೊಳ್ಳುತ್ತೇವೆ. ಮುಂದಿನ ಸಮ್ಮೇಳನದವರೆಗೆ ಯಾರು ಎಲ್ಲಿ ಕಾಯಿಲೆ ಮಲಗಿದರು, ಯಾರ ಮಗಳ ಓದು ಹಣವಿಲ್ಲದೆ ನಿಂತಿತು ಎಂಬುದು ನಮಗೆ ತಿಳಿಯುವುದಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿಯಂತೂ ಮದುವೆಯಾಗಿ ಊರು ಬದಲಾದೊಡನೆ ವಿಳಾಸವೂ ಕಳೆದುಹೋಗುತ್ತದೆ.

ನಾನು 1966ರಲ್ಲಿ ಧಾರವಾಡಕ್ಕೆ ಓದಲು ಬಂದಾಗ ವಸತಿ ನಿಲಯದ ಒಂದೇ ಸಾಲಿನ ಕೋಣೆಗಳಲ್ಲಿದ್ದ ನಾವು ಎಂಟು ಮಂದಿ, ನಿವೃತ್ತರಾಗುವ ಕಾಲಕ್ಕೆ ಮತ್ತೆ ಒಬ್ಬರನ್ನೊಬ್ಬರು ಹುಡುಕಿಕೊಂಡೆವು. ಹಬ್ಬಕ್ಕೆ ಕಾಗದ ಬರೆಯುವುದರಿಂದ ಪ್ರಾರಂಭವಾದುದು, ಪ್ರತಿ ವರ್ಷ ಒಬ್ಬ ಬಡ ಹುಡುಗಿಯ ಕಾಲೇಜಿನ ಖರ್ಚನ್ನು ಎಲ್ಲರೂ ಕೂಡಿ ವಹಿಸಿಕೊಳ್ಳುವ ಕೆಲಸವಾಗಿ ಬೆಳೆಯಿತು. ಈಗ ಐವರು ಉಳಿದಿದ್ದೇವೆ. ಕೆಲಸ ನಿಂತಿಲ್ಲ, ತೀರಿಕೊಂಡ ಗೆಳತಿಯರ ಪಾಲನ್ನು ಇಬ್ಬರ ಹೆಣ್ಣುಮಕ್ಕಳು ಕೊಡುತ್ತಿದ್ದಾರೆ. ಓದು ಮುಗಿಸಿ ಶಿಕ್ಷಕಿಯಾದ ಹುಡುಗಿಯೊಬ್ಬಳು ಕಳೆದ ವರ್ಷ ತಾನೂ ಒಂದು ಪಾಲು ಸೇರಿಸುವುದಾಗಿ ಬರೆದಿದ್ದಾಳೆ. ಯೌವನದಲ್ಲಿ ಕೇವಲ ಕೋಣೆಯ ಗೆಳತಿಯರಾಗಿದ್ದ ನಾವು, ಈ ಕೆಲಸ ಕೈಗೆ ಬಂದ ಮೇಲೆ ನಿಜವಾಗಿ ಅಕ್ಕತಂಗಿಯರಾದೆವು. ಮೇರಿಲ್ಯಾಂಡಿನ ಆ ನೆರೆಯವರ ಮಾತು ನನಗೆ ತಟ್ಟನೆ ಅರ್ಥವಾದುದಕ್ಕೆ ಇದೇ ಕಾರಣ.

ಆದುದರಿಂದ ಪ್ರಸಾದ ನಿಲಯಗಳಲ್ಲಿ ಬೆಳೆದ ಸೋದರ ಸೋದರಿಯರಲ್ಲಿ ನನ್ನ ವಿನಂತಿ ಇಷ್ಟೆ. ತಮ್ಮ ಕಾಲದವರ ಹೆಸರು ವಿಳಾಸಗಳ ಒಂದು ಪಟ್ಟಿ ಮಾಡಿರಿ. ಹತ್ತು ಮಂದಿ ಸಿಕ್ಕರೆ ಸಾಕು. ಹಾಡು ಹಸೆಗಳಿಗಿಂತ ಮೊದಲು, ಎಲ್ಲರೂ ಕೂಡಿ ಹೊರಬಹುದಾದ ಒಂದು ಸಣ್ಣ ಹೊಣೆಯನ್ನು ಆರಿಸಿಕೊಳ್ಳಿರಿ. ಅದರ ಲೆಕ್ಕವನ್ನು ಬರೆದಿಡಿರಿ, ತಮಗಿಂತ ಕಿರಿಯರೊಬ್ಬರಿಗೆ ಅದನ್ನು ತೋರಿಸಿಕೊಡಿರಿ. ಸ್ನೇಹವನ್ನು ಉಳಿಸಿಕೊಳ್ಳಲು ಬೇರೆ ಉಪಾಯವನ್ನು ಹುಡುಕಬೇಕಾಗಿಲ್ಲ. ಆ ಕೆಲಸವೇ ಅದನ್ನು ಉಳಿಸುತ್ತದೆ.